ನೋಡದೆ ಬರೆದ ‘ಇಲ್ಲ’

ಜನರಿಗೆ ರಕ್ತ ಕೊಡಲು ನಾಚಿಕೆಯಿಲ್ಲ. ಕಫ ಕೇಳಿದರೆ ಆಸ್ಪತ್ರೆಯ ಹಿಂದೆ ನಿಂತು ಕೆಮ್ಮಿ ಕೆಮ್ಮಿ ತಂದುಕೊಡುತ್ತಾರೆ. ಮೂತ್ರದ ಶೀಶೆ ಕೈಯಲ್ಲಿ ಹಿಡಿದುಕೊಂಡೇ ಗುರುತಿನವರ ಜೊತೆ ಮಳೆ ಬೆಳೆ ಮಾತಾಡುತ್ತಾ ನಿಲ್ಲುತ್ತಾರೆ. ಆದರೆ ನಾಳೆ ಬೆಳಿಗ್ಗೆ ಸ್ವಲ್ಪ ಮಲ ತನ್ನಿ ಎಂದು ಒಂದು ಡಬ್ಬಿ ಕೊಟ್ಟು ನೋಡಿ. ಡಬ್ಬಿ ಹೋಗುತ್ತದೆ, ವಾಪಸು ಬರುವುದಿಲ್ಲ. ಒಂದು ಮನೆಯಲ್ಲಿ ಅದರೊಳಗೆ ಏಲಕ್ಕಿ ತುಂಬಿಟ್ಟುಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವತ್ತು ಆ ಮನೆಯವರು ನನಗೆ ಕೊಟ್ಟ ಟೀಯಲ್ಲೂ ಏಲಕ್ಕಿ ಇತ್ತು.

ನಾನು ಹೊಸಕೋಟೆ ತಾಲೂಕಿನ ನಂದಗುಡಿ ಕಡೆ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಇಪ್ಪತ್ತು ವರ್ಷದ ಮೇಲಾಯಿತು. ಮನೆ ಹೊಸಕೋಟೆ ಪೇಟೆಯಲ್ಲಿ. ಮನೆಯಲ್ಲಿ ದಖನಿ ಮಾತು, ಆಸ್ಪತ್ರೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅಪ್ಪ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿದು ಹಿಡಿದು ಅವರ ಬೆರಳ ತುದಿ ಯಾವಾಗಲೂ ಬೆಳ್ಳಗೆ ಸುಲಿದಿರುತ್ತಿತ್ತು. ಆ ಬೆರಳಿನಲ್ಲೇ ನನ್ನ ಕೆನ್ನೆ ಹಿಂಡಿ, ನೀನು ಈ ಹಬೆಯಲ್ಲಿ ನಿಲ್ಲಬೇಡ, ಓದು ಎನ್ನುತ್ತಿದ್ದರು. ಓದಿದೆ. ಅಷ್ಟು ಓದಿ ಊರವರ ಕಕ್ಕ ನೋಡುವ ಕೆಲಸ ಹಿಡಿದಳು ಎಂದು ತಮ್ಮ ಇವತ್ತಿಗೂ ರೇಗಿಸುತ್ತಾನೆ. ನೋಡಲು ಯಾರಾದರೂ ತಂದರೆ ತಾನೇ ಎಂದು ನಾನು ಅವನ ಮೇಲೂ ಹರಿಹಾಯುತ್ತೇನೆ.

ಹುಳದ ವಿಷಯದಲ್ಲಿ ಇಲ್ಲಿ ಎಲ್ಲರೂ ಡಾಕ್ಟರೇ. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಹುಳ, ಜೊಲ್ಲು ಸುರಿಸಿದರೆ ಹುಳ, ಬೆಲ್ಲ ತಿಂದರಂತೂ ಹುಳವೇ ಹುಳ. ಮುಖ ಬಿಳಿಚಿಕೊಂಡ ಮಗುವಿನ ಕೈಯಿಂದ ಕಡಲೆಮಿಠಾಯಿ ಕಿತ್ತುಕೊಂಡು ಬಿಸಾಡಿದ ತಾಯಿಯನ್ನು ನಾನೇ ಗದರಿದ್ದೇನೆ. ಅದೇ ತಾಯಿ, ಶಾಲೆಯಲ್ಲಿ ಹುಳದ ಮಾತ್ರೆ ಕೊಡುವ ದಿನ ಮಗಳಿಗೆ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಸಿಕೊಳ್ಳುತ್ತಾಳೆ. ಎಲ್ಲೋ ಯಾವುದೋ ಊರಿನಲ್ಲಿ ಮಾತ್ರೆ ನುಂಗಿದ ಮಗು ತಲೆ ಸುತ್ತಿ ಬಿತ್ತಂತೆ, ಫೋನಿನಲ್ಲಿ ಬಂದಿತ್ತಂತೆ. ಇನ್ನು ದೊಡ್ಡವರ ಹೊಟ್ಟೆಯಲ್ಲೂ ಹುಳ ಇರಬಹುದು ಎಂದರೆ ಮುಗಿಯಿತು. ಹುಳ ಮಕ್ಕಳಿಗೆ ಆಗುವಂಥದ್ದು. ಮದುವೆಯಾದ ಹೆಂಗಸಿಗೆ ಆ ಮಾತು ಹೇಳಿದರೆ ಅವಳ ನಡತೆಯ ಬಗ್ಗೆ ಏನೋ ಅಂದಂತೆ ನನ್ನ ಮುಖ ನೋಡುತ್ತಾಳೆ.

ಇಷ್ಟು ಹೊತ್ತು ಅವರನ್ನು ಬೈದೆ. ಈಗ ನನ್ನದನ್ನು ಹೇಳಬೇಕು.

ರಕ್ತ ಕಡಿಮೆ ಇರುವವರಿಗೆ ನಮ್ಮಲ್ಲಿ ಒಂದು ಹಳದಿ ಕಾರ್ಡು ಕೊಡುತ್ತೇವೆ. ಅದರಲ್ಲಿ ಒಂದರ ಕೆಳಗೊಂದು ಪರೀಕ್ಷೆಗಳ ಹೆಸರು ಅಚ್ಚಾಗಿರುತ್ತದೆ. ಕೊನೆಯ ಸಾಲು, ಮಲದಲ್ಲಿ ಹುಳದ ಮೊಟ್ಟೆ. ಎದುರಿಗೆ ಬರೆಯಲು ಜಾಗ. ಅದೇ ಸಾಲುಗಳು ಕಂಪ್ಯೂಟರಿನಲ್ಲೂ ಇವೆ. ಒಂದು ಸಾಲು ಖಾಲಿ ಬಿಟ್ಟರೂ ಆ ಪರದೆ ಮುಂದಕ್ಕೆ ಹೋಗುವುದಿಲ್ಲ, ಕೆಂಪಗೆ ಮಿನುಗುತ್ತಾ ಕೂತಿರುತ್ತದೆ. ಇದೆ ಎಂದು ಒತ್ತಬಹುದು, ಇಲ್ಲ ಎಂದು ಒತ್ತಬಹುದು. ಡಬ್ಬಿಯನ್ನೇ ತರಲಿಲ್ಲ ಎನ್ನಲು ಅಲ್ಲಿ ಗುಂಡಿಯಿಲ್ಲ. ಮೊದಲ ಕೆಲವು ತಿಂಗಳು ಜಗಳವಾಡಿದೆ. ಮೇಲಿನವರು, ಏನಾದರೂ ಹಾಕಿ ಮುಗಿಸಮ್ಮ, ವರದಿ ನಿಂತಿದೆ ಎಂದರು. ಇಲ್ಲ ಎಂದು ಒತ್ತಿದೆ. ಕಂಪ್ಯೂಟರಿನಲ್ಲಿ ಇಲ್ಲ ಎಂದ ಮೇಲೆ ಕಾರ್ಡಿನಲ್ಲೂ ರಿಜಿಸ್ಟರಿನಲ್ಲೂ ಇಲ್ಲ ಎಂದು ಬರೆಯಬೇಕಾಯಿತು. ಆಮೇಲಾಮೇಲೆ ಕೈ ತಾನಾಗಿಯೇ ಬರೆಯತೊಡಗಿತು. ಅದರ ಬಗ್ಗೆ ಯೋಚಿಸುವುದನ್ನೂ ಬಿಟ್ಟೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದಳು. ಇಪ್ಪತ್ತೈದರ ಒಳಗಿನ ವಯಸ್ಸು. ಹತ್ತನೇ ತರಗತಿ ಪಾಸು. ಮೂರು ವರ್ಷದ ಒಂದು ಹೆಣ್ಣುಮಗು. ತವರು ಮಾಲೂರು ಕಡೆ, ಕೊಟ್ಟ ಮನೆ ನಮ್ಮ ಆಸ್ಪತ್ರೆಯಿಂದ ನಾಲ್ಕೈದು ಮೈಲಿ. ರೇಷ್ಮೆ ಬೆಳೆಯುವ ಮನೆ. ಗೇಟಿನಿಂದ ಲ್ಯಾಬಿನವರೆಗೆ ನಡೆದು ಬರುವಷ್ಟರಲ್ಲೇ ಉಸಿರು ಕಟ್ಟಿ, ಕೇಳದೆ ಬೆಂಚಿನ ಮೇಲೆ ಕೂತುಬಿಟ್ಟಳು. ಉಗುರು ಕಾಗದದಂತಿತ್ತು. ಕೆಳಗಿನ ರೆಪ್ಪೆ ಎಳೆದು ನೋಡಿದರೆ ಅಲ್ಲೂ ಕೆಂಪಿಲ್ಲ. ರಕ್ತ ಪರೀಕ್ಷೆ ಮಾಡಿದೆ. ಹನ್ನೆರಡು ಇರಬೇಕಾದ್ದು ಆರಿತ್ತು. ಹಿಂದಿನ ವರ್ಷವೂ ಹೀಗೇ ಇಳಿದು ಹೊಸಕೋಟೆಯಲ್ಲಿ ಎರಡು ಬಾಟಲಿ ರಕ್ತ ಹಾಕಿಸಿಕೊಂಡಿದ್ದಳು. ಏರಿತ್ತು, ಮತ್ತೆ ಇಳಿದಿತ್ತು. ತೂತು ಬಿದ್ದ ಬಿಂದಿಗೆಗೆ ನೀರು ಹುಯ್ದ ಹಾಗೆ.

ನಮ್ಮ ಡಾಕ್ಟರು ಚಿಕ್ಕ ವಯಸ್ಸಿನವರು, ಬಂದು ಆರು ತಿಂಗಳಾಗಿತ್ತು. ಕಬ್ಬಿಣಾಂಶದ ಮಾತ್ರೆ ನುಂಗ್ತಿದೀರಾ ಎಂದು ಅವಳನ್ನು ಕೇಳಿದರು. ಅವಳು ತಲೆಯಾಡಿಸಿದಳು. ಅವಳು ಆಚೆ ಹೋದ ಮೇಲೆ, “ನುಂಗ್ತಿಲ್ಲ ಅನ್ಸುತ್ತೆ ಮೇಡಂ” ಎಂದು ನನಗೆ ಹೇಳಿದರು. ನಾನೂ ಹೂಂ ಅಂದೆ. ಹೂಂ ಅನ್ನುವುದು ಸುಲಭ.

ಅವಳು ಕಾರ್ಡು ತೆಗೆದುಕೊಳ್ಳಲು ಮತ್ತೆ ಲ್ಯಾಬಿಗೆ ಬಂದಳು. ಗಂಡ ಗೇಟಿನ ಹತ್ತಿರ ಬೈಕಿನ ಮೇಲೆ ಕೂತು ಫೋನು ನೋಡುತ್ತಿದ್ದ. ಅವಳು ಬಾಗಿಲು ಅರ್ಧ ಮುಚ್ಚಿ ಮಾತು ತೆಗೆದಳು.

“ಮೇಡಂ, ನಾನು ಮಾತ್ರೆ ನುಂಗ್ತೀನಿ. ನಮ್ಮತ್ತೆ ನಂಬಲ್ಲ. ತಿಪ್ಪೇಗೆ ಎಸೀತಾಳೆ ಅಂತಾರೆ. ನೀವಾದ್ರೂ ಒಂದ್ ಮಾತು ಹೇಳಿ.”

“ಯಾಕೆ, ಏನಂತಾರೆ?”

“ಈ ಬೆಳೆ ಗೂಡಾದ್ಮೇಲೆ ತವರಿಗೆ ಬಿಟ್ಬರ್ತಾರಂತೆ. ಕೆಲ್ಸ ಮಾಡೋ ಹಂಗಾದಾಗ ಬಾ ಅಂತಾರೆ. ಮಗೂನ ಮಾತ್ರ ಇಲ್ಲೇ ಇಟ್ಕೋತಾರಂತೆ. ಬ್ಯಾಗ್ ಕಟ್ಟಿಟ್ಟವ್ರೆ.”

ರೇಷ್ಮೆಹುಳ ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ರೇಷ್ಮೆಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ಎಂಟು ದಿನ ಮನೆಮಂದಿಯೆಲ್ಲ ತೋಟ ಮತ್ತು ಹುಳದ ಮನೆಯ ನಡುವೆ ಹೊರೆ ಹೊತ್ತು ಓಡಾಡುತ್ತಾರೆ. ಇವಳು ಎರಡು ಹೊರೆ ತರುವಷ್ಟರಲ್ಲಿ ಬದುವಿನ ಮೇಲೆ ಕೂತುಬಿಡುತ್ತಾಳೆ. ಮೈಗಳ್ಳಿ ಎಂದು ಹೆಸರಾಗಿತ್ತು. ಗಂಡನಿಗೆ ತವರಿಗೆ ಕಳಿಸುವ ಮನಸ್ಸಿಲ್ಲವಂತೆ, ಆದರೆ ಅಮ್ಮನ ಎದುರು ಬಾಯಿಯೂ ಇಲ್ಲ.

ಮಾತಾಡುತ್ತಾ ಅವಳು ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದು ಕಾಲಿನ ಬೆರಳಸಂದು ಉಜ್ಜಿಕೊಳ್ಳುತ್ತಿದ್ದಳು. ಬಗ್ಗಿ ನೋಡಿದೆ. ಬೆರಳುಗಳ ನಡುವೆ ಕೆಂಪು ಗುಳ್ಳೆ, ಕೆರೆದು ಕೆರೆದು ಒಡೆದದ್ದು.

“ಇದೇನಿದು?”

“ತೋಟದ್ ತುರಿ ಮೇಡಂ. ನಮ್ಮನೇಲಿ ಎಲ್ರಿಗೂ ಇದ್ದಿದ್ದೇ.”

“ಚಪ್ಪಲಿ ಹಾಕ್ಕೊಳಲ್ವಾ?”

“ಸೊಪ್ಪಿನ ತೋಟಕ್ಕೆ ಯಾರಾದ್ರೂ ಚಪ್ಪಲಿ ಮೆಟ್ಕೊಂಡ್ ಹೋಗ್ತಾರಾ?” ಗರ್ಭಗುಡಿಗೆ ಚಪ್ಪಲಿಯಲ್ಲಿ ಹೋಗಬಹುದೇ ಎಂದು ನಾನು ಕೇಳಿದಂತೆ ನೋಡಿದಳು.

ಆಗ ಅದುವರೆಗೆ ಕೇಳಬೇಕಾಗಿದ್ದ, ಕೇಳದೇ ಇದ್ದ ಪ್ರಶ್ನೆ ಕೇಳಿದೆ. ಕಕ್ಕಸಿಗೆ ಎಲ್ಲಿಗೆ ಹೋಗುತ್ತೀಯ? ಮನೆಯಲ್ಲಿ ಕಟ್ಟಿಸಿದ್ದಾರೆ, ಆದರೆ ಬೀಗ ಹಾಕಿದೆ, ತೋಟದ ಬದಿಗೇ ಹೋಗುವುದು ಎಂದಳು. ನನ್ನ ತಲೆಗೆ ಯಾರೋ ಮೊಟಕಿದ ಹಾಗಾಯಿತು. ಹನಿ ನೀರಾವರಿಯ ಒದ್ದೆ ಮಣ್ಣು, ಹಿಪ್ಪುನೇರಳೆ ಸೊಪ್ಪಿನ ನೆರಳು, ಬದಿಯಲ್ಲಿ ಮನೆಮಂದಿಯ ಮಲ, ಬರಿಗಾಲು. ಕೊಕ್ಕೆಹುಳಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಅದರ ಮರಿ ಮಣ್ಣಿನಿಂದ ಅಂಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ. ಹೋಗಿ ಕರುಳು ಸೇರಿ, ಕಚ್ಚಿ ಹಿಡಿದು, ಕೂತು ರಕ್ತ ಕುಡಿಯುತ್ತದೆ. ಒಂದಲ್ಲ, ನೂರಾರು. ಹಾಗಿರುವಾಗ ಮೇಲಿನಿಂದ ಎಷ್ಟು ಮಾತ್ರೆ ನುಂಗಿದರೇನು, ಎಷ್ಟು ಬಾಟಲಿ ಏರಿಸಿದರೇನು.

ಡಬ್ಬಿ ಕೊಟ್ಟೆ. ನಾಳೆ ಬೆಳಿಗ್ಗೆ ತರದಿದ್ದರೆ ನಾನೇ ನಿಮ್ಮ ತೋಟಕ್ಕೆ ಬಂದು ಕೂರುತ್ತೇನೆ ಎಂದೆ. ಅವಳು ಮೊದಲ ಸಲ ಸ್ವಲ್ಪ ನಕ್ಕಳು.

ತಂದಳು. ಡಬ್ಬಿಯನ್ನು ಹಿಪ್ಪುನೇರಳೆ ಎಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಊಟದ ಚೀಲದಲ್ಲಿಟ್ಟುಕೊಂಡು ತಂದಿದ್ದಳು. ಗಂಡ ಅವಳನ್ನು ಇಳಿಸಿ, ಅರ್ಧ ಗಂಟೆ ಬಿಟ್ಟು ಬಂದು ಕರೆದುಕೊಂಡು ಹೋದ. ಗಾಜಿನ ಮೇಲೆ ಒಂದು ಹನಿ ಉಪ್ಪುನೀರು, ಒಂದು ಕಡ್ಡಿಯ ತುದಿಯಷ್ಟು ಮಲ, ಮೇಲೊಂದು ತೆಳು ಗಾಜು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಹುಡುಕಬೇಕಾಗಲೇ ಇಲ್ಲ. ಕೋಳಿಮೊಟ್ಟೆಯ ಆಕಾರದ, ನೀರಿನಂತೆ ತೆಳ್ಳಗಿನ ಚಿಪ್ಪಿನ ಮೊಟ್ಟೆಗಳು, ಒಳಗೆ ನಾಲ್ಕು ನಾಲ್ಕು ಉಂಡೆ. ಎಲ್ಲಿ ಸರಿಸಿದರೂ ಒಂದು.

ಇದೆ ಎಂದು ಬರೆಯಲು ರಿಜಿಸ್ಟರು ತೆಗೆದೆ. ಅವಳ ಹಿಂದಿನ ವರ್ಷದ ಸಾಲು ನೋಡೋಣ ಎಂದು ಹಾಳೆ ತಿರುವಿದೆ. ಹೆಸರು, ವಯಸ್ಸು, ಊರು, ರಕ್ತ ಆರೂವರೆ. ಕೊನೆಯ ಮನೆಯಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ, ಇಲ್ಲ. ಅವತ್ತು ಅವಳು ಡಬ್ಬಿ ತಂದಿರಲಿಲ್ಲ. ನನಗೆ ನೆನಪಿತ್ತು ಎಂದೇನಲ್ಲ, ಆ ವರ್ಷ ಇಡೀ ಯಾರೂ ತಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ನಾನು ಬಾಗಿಲ ಕಡೆ ನೋಡಿದೆ. ಆಮೇಲೆ ರಿಜಿಸ್ಟರು ಮುಚ್ಚಿದೆ.

ಡಾಕ್ಟರು ಮೂರು ದಿನದ ಹುಳದ ಮಾತ್ರೆ ಬರೆದರು, ಮನೆಯವರಿಗೂ ಕೊಡಿ ಎಂದರು. ನಾನೇ ಹೋಗಿ ಕೊಟ್ಟು ಬರುತ್ತೇನೆ ಎಂದೆ. ಏನು ಮೇಡಂ ಇಷ್ಟೊಂದು ಕಾಳಜಿ ಎಂದು ಅವರು ನಕ್ಕರು. ಕಾಳಜಿಯಲ್ಲ, ಆ ‘ಇಲ್ಲ’ದ ಉರಿ. ಆ ಉರಿಯನ್ನು ಯಾರ ಮೇಲಾದರೂ ಸುರಿಯಬೇಕಾಗಿತ್ತು, ಅತ್ತೆ ಸಿಕ್ಕಿದ್ದಳು.

ಮಧ್ಯಾಹ್ನ ಸ್ಕೂಟರಿನಲ್ಲಿ ಹೋದೆ. ತೋಟದ ಬದುವಿನ ಮೇಲೆ ನಾಲ್ಕು ಜೊತೆ ಚಪ್ಪಲಿ ಸಾಲಾಗಿ ಬಿಟ್ಟಿದ್ದರು, ಒಂದು ಜೊತೆ ಮಗುವಿನದು. ಮನೆಯ ಪಕ್ಕ ಹುಳದ ಮನೆ, ಗೋಡೆಗೆ ಹೊಸ ಸುಣ್ಣ, ಕಿಟಕಿಗೆ ನೊಣ ಬಾರದಂತೆ ಬಲೆ. ಅದರಾಚೆ ಹತ್ತು ಹೆಜ್ಜೆಗೆ ಕಕ್ಕಸು. ಬೀಗ ತುಕ್ಕು ಹಿಡಿದಿತ್ತು. ಬಾಗಿಲ ಮುಂದೆಯೇ ಬ್ಲೀಚಿಂಗ್ ಪುಡಿಯ ಚೀಲಗಳನ್ನು ಪೇರಿಸಿದ್ದರು.

ಅತ್ತೆ ಹುಳದ ಮನೆಯ ಬಾಗಿಲಲ್ಲಿ ಸಿಕ್ಕಳು. ಅರವತ್ತರ ಹತ್ತಿರದ ಹೆಂಗಸು, ತೆಳ್ಳಗೆ, ಬಣ್ಣಗೆಟ್ಟ ಮುಖ. ಒಳಗೆ ಕಾಲಿಡಲು ಹೋದವಳನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇತ್ತು.

“ಚಪ್ಪಲಿ ಬಿಟ್ಟು ಕಾಲ್ ಅದ್ಕೊಂಡ್ ಬಾರವ್ವ. ಹೊರಗಿನ್ ರೋಗ ಹುಳಕ್ಕೆ ಹತ್ತುತ್ತೆ.”

ಅದ್ದಿದೆ. ಅದ್ದುವಾಗಲೇ ನನ್ನ ನೆತ್ತಿಗೇರಿತು. ರೇಷ್ಮೆಹುಳಕ್ಕೆ ಸೋಂಕು ತಗುಲಬಾರದು ಎಂದು ಬಂದವರ ಕಾಲು ತೊಳೆಸುವವಳು, ಸೊಸೆಯ ಕಾಲು ಒಂದು ದಿನ ನೋಡಿಲ್ಲ.

“ನಿಮ್ ಸೊಸೆ ಹೊಟ್ಟೇಲಿ ಕೊಕ್ಕೆಹುಳ ಇದೆ” ಎಂದೆ. “ರಕ್ತ ಕುಡೀತಿದೆ. ಅವ್ಳು ಮೈಗಳ್ಳಿ ಅಲ್ಲ, ಅವ್ಳ ಮೈಯಲ್ಲಿ ರಕ್ತಾನೇ ಇಲ್ಲ. ಆ ಕಕ್ಕಸಿಗೆ ಯಾಕೆ ಬೀಗ?”

“ಅದಾ? ಅದು ಕಟ್ಸಿದ್ ತಿಂಗ್ಳು ನನ್ ಮಗ ಅದೇನೋ ಆಸಿಡ್ಡು ತಂದು ತೊಳ್ದ. ವಾಸ್ನೆ ಹುಳದ್ ಮನೆಗೆ ಹೊಡೀತು. ಇನ್ನೆರಡು ದಿನಕ್ಕೆ ಗೂಡು ಕಟ್ಬೇಕಾಗಿದ್ ಹುಳ, ಪೂರಾ ಸತ್ವು. ನಾನೇ ಮಂಕರೀಲಿ ತುಂಬಿ ಗುಂಡಿಗೆ ಹಾಕ್ದೆ. ಅವತ್ತು ಬೀಗ ಹಾಕ್ದೋಳು ತೆಗ್ದಿಲ್ಲ.”

“ಬೆಳೆ ಮುಗಿದ್ಮೇಲೆ ತೆಗೀಬೋದಲ್ಲ.”

“ಬೆಳೆ ಎಲ್ಲವ್ವ ಮುಗಿಯುತ್ತೆ? ಇವು ಗೂಡು ಕಟ್ಟೋಷ್ಟ್ರಲ್ಲಿ ಮುಂದಿನ್ ಮರಿ ಬರುತ್ತೆ.”

ಅವಳು ಶಾಂತವಾಗಿ ಹೇಳಿದಷ್ಟೂ ನಾನು ಗಂಟಲು ಏರಿಸಿದೆ. ಹುಳದ ಮೇಲಿರುವ ಕನಿಕರದಲ್ಲಿ ಕಾಲುಪಾಲು ಸೊಸೆಯ ಮೇಲಿದ್ದಿದ್ದರೆ ಎಂದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದರಂತೆ, ಮನುಷ್ಯರಿಗೆ ಕಕ್ಕಸಿಲ್ಲ, ಹುಳಕ್ಕೆ ಸೊಳ್ಳೆಬಲೆ ಎಂದೆ. ಕಾಯಿಲೆಯ ಹೆಣ್ಣನ್ನು ಮಗುವಿನಿಂದ ಕಿತ್ತು ತವರಿಗೆ ಅಟ್ಟುತ್ತೀರಲ್ಲ, ನಿಮಗೆ ಕರುಳಿಲ್ಲವೇ ಎಂದೆ. ಸೊಸೆ ಮನೆಯ ಬಾಗಿಲಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ ಗೋಡೆಗೆ ಒರಗಿಸಿದ್ದ ಬ್ಯಾಗು ಕಾಣುತ್ತಿತ್ತು. ಅವಳ ಎದುರಿಗೆ ನನಗೆ ಇನ್ನೂ ಶೌರ್ಯ ಬಂತು.

ಅತ್ತೆ ಎಲ್ಲ ಕೇಳಿಸಿಕೊಂಡಳು. ಆಮೇಲೆ, “ಒಂದ್ನಿಮಿಷ ತಡಿ” ಎಂದು ಮನೆಯೊಳಗೆ ಹೋಗಿ ದೇವರ ಗೂಡಿನಿಂದ ಹಳದಿ ಕಾರ್ಡು ತಂದಳು. ಮೂಲೆಗೆ ಕುಂಕುಮ ಹತ್ತಿತ್ತು.

“ನನ್ಗೆ ಓದಕ್ಬರಲ್ಲ. ನನ್ ಮಗ ಓದಿ ಹೇಳವ್ನೆ. ಕೊನೇದ್ರಾಗೆ ಏನೈತೆ, ಓದು.”

ನಾನು ಓದಲಿಲ್ಲ. ಓದುವ ಅಗತ್ಯವಿರಲಿಲ್ಲ.

“ಹೋದ್ವರ್ಷ ಇವ್ಳು ಹೊಟ್ಟೆ ಹಿಂಡುತ್ತೆ ಅಂದಾಗ ನನ್ಗೂ ಅನುಮಾನ ಬಂದಿತ್ತು ಕಣವ್ವ. ಹುಳ ಗಿಳ ಇರ್ಬೋದಾ, ಕೇಳು ಅಂತ ನಾನೇ ಮಗನ್ಗೆ ಹೇಳ್ದೆ. ಅವ್ನು ಇದನ್ನ ಓದಿ, ಇಲ್ಲ ಅಂತ ಬರ್ದವ್ರೆ ಕಣವ್ವ ಅಂದ. ಆಸ್ಪತ್ರೆಯೋರೇ ಇಲ್ಲ ಅಂದ್ಮೇಲೆ ಇನ್ನೇನು? ಕಾಯ್ಲೆ ಇಲ್ಲ, ಮೈಗಳ್ಳತನ ಅಂದ್ಕೊಂಡೆ. ಈ ಕಾರ್ಡೇನ್ ಸುಳ್ಳಾ?”

ಸೊಸೆಯನ್ನು ಮೈಗಳ್ಳಿ ಮಾಡಿದ್ದು ಅವಳಲ್ಲ. ಆ ಬ್ಯಾಗು ಕಟ್ಟಿಸಿದ್ದು ನನ್ನ ಕೈ. ಪರದೆ ಕೆಂಪಗೆ ಮಿನುಗಿತ್ತು, ಮೇಲಿನವರು ಹೇಳಿದ್ದರು, ಯಾರೂ ತರುವುದಿಲ್ಲ, ಇವೆಲ್ಲ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಹೇಳಲು ನನಗೆ ಮುಖವಿರಲಿಲ್ಲ.

“ಅದು ಸುಳ್ಳು” ಎಂದೆ. “ಬರ್ದಿದ್ದು ನಾನೇ. ನೋಡಿರ್ಲಿಲ್ಲ. ನೋಡ್ದೆ ಬರ್ದೆ.”

ಅವಳು ಕಾರ್ಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

“ನಾವು ಹುಳದ್ ಮೊಟ್ಟೆ ತರ್ತೀವಲ್ಲ” ಎಂದಳು, “ಅದ್ಕೂ ಒಬ್ರು ಮಿಷನ್ನಲ್ಲಿ ನೋಡಿ ರೋಗ ಇಲ್ಲ ಅಂತ ಬರ್ಕೊಡ್ತಾರೆ. ಮೊಟ್ಟೆ ಇಟ್ಟ ಚಿಟ್ಟೇನೇ ಅರೆದು ನೋಡ್ತಾರೆ, ನಾನ್ ಕಂಡಿದೀನಿ. ಅವ್ರು ನೋಡ್ದೆ ಬರ್ದಿದ್ರೆ ಈ ಸುತ್ತಲ್ಲಿ ಒಂದ್ ಗೂಡು ಆಗ್ತಿರ್ಲಿಲ್ಲ.”

ನೂಲು ಬಿಚ್ಚುವವರ ಮಗಳು ನಾನು, ಅದು ನನಗೂ ಗೊತ್ತು. ಹುಳದ ಮೊಟ್ಟೆಗೆ ಸಿಗುವ ಮರ್ಯಾದೆ ಆ ಹೆಣ್ಣುಮಗಳ ರಕ್ತಕ್ಕೆ ನನ್ನ ಕೋಣೆಯಲ್ಲಿ ಸಿಕ್ಕಿರಲಿಲ್ಲ. ಮಾತ್ರೆಯ ಪೊಟ್ಟಣ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

“ಎತ್ಕೊಂಡ್ ಹೋಗು. ಆಗ ಇಲ್ಲ ಅಂದೆ, ಈಗ ಐತೆ ಅಂತೀಯ. ನಿನ್ ಯಾವ್ ಮಾತು ನಂಬ್ಲಿ?”

ಸೊಸೆ ನನ್ನ ಕಡೆ ನೋಡಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಒಳಗೆ ಹೋದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡು ಬಂದೆ. ನಮ್ಮೂರಿನ ಲೆಕ್ಕದಲ್ಲಿ ಅವತ್ತು ನನ್ನ ಹೊಟ್ಟೆಯಲ್ಲೂ ಹುಳ ಇದ್ದಿರಬೇಕು. ಇದೆ ಅಥವಾ ಇಲ್ಲ ಎರಡೇ ಗುಂಡಿ ಇಟ್ಟವನ ಮೇಲೆ ಸಿಟ್ಟು, ಏನಾದರೂ ಹಾಕಿ ಮುಗಿಸಮ್ಮ ಎಂದವರ ಮೇಲೆ ಸಿಟ್ಟು, ಡಬ್ಬಿಯಲ್ಲಿ ಏಲಕ್ಕಿ ತುಂಬಿದವರ ಮೇಲೂ ಸಿಟ್ಟು. ಅಷ್ಟೂ ಸಿಟ್ಟು ಸುತ್ತಿ ಸುತ್ತಿ ಬಂದು ಪೆನ್ನು ಹಿಡಿದ ಕೈಯ ಹತ್ತಿರವೇ ನಿಲ್ಲುತ್ತಿತ್ತು. ಮನೆಗೆ ಹೋಗಿ ಅಡುಗೆಗೆ ಉಪ್ಪು ಹಾಕುವುದನ್ನು ಮರೆತೆ. ತಮ್ಮ ಏನೋ ಅಂದ, ಅವನಿಗೂ ಬೈದೆ.

ಮಾರನೇ ದಿನ ಲ್ಯಾಬಿನ ಬೀಗ ತೆಗೆಯುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಸೊಸೆ. ಗೇಟಿನ ಹತ್ತಿರ ಮಗ, ಅವನ ಬೈಕಿಗೆ ಆ ಬ್ಯಾಗು ಕಟ್ಟಿತ್ತು. ಅತ್ತೆಯ ಕೈಯಲ್ಲಿ ಎರಡು ಡಬ್ಬಿ. ಒಂದು ಹಿಂದಿನ ವರ್ಷ ಕೊಟ್ಟು ವಾಪಸು ಬಾರದೆ ಉಳಿದಿದ್ದ ಆಸ್ಪತ್ರೆಯ ಡಬ್ಬಿ, ಇನ್ನೊಂದು ಅವಳ ಎಲೆಅಡಿಕೆಯ ಸುಣ್ಣದ ಡಬ್ಬಿ, ತೊಳೆದು ಒಣಗಿಸಿದ್ದು.

“ಇದು ಇವ್ಳದು, ಇದು ನಂದು” ಎಂದಳು. “ನಾವಿಬ್ರೂ ಒಂದೇ ತೋಟದಲ್ಲಿ ತಿರುಗೋರು. ಇವ್ಳಿಗಿದ್ರೆ ನನ್ಗೂ ಇರ್ಬೇಕಲ್ಲ. ನನ್ ಮುಂದೇನೇ ನೋಡು. ಐತೆ ಅಂದ್ರೆ ಮನೇಗ್ ಕರ್ಕೊಂಡ್ ಹೋಗ್ತೀನಿ. ಇಲ್ಲ ಅಂದ್ರೆ ಗೂಡಾಗೋವರ್ಗೂ ಕಾಯಲ್ಲ, ಅವ್ನು ಹಂಗೇ ಮಾಲೂರು ಬಸ್ ಹತ್ತುಸ್ತಾನೆ.”

ಬೆಂಚನ್ನು ತಾನೇ ಎಳೆದು ನನ್ನ ಎದುರಿಗೆ ಹಾಕಿಕೊಂಡು ಕೂತಳು. ಸೊಸೆಯ ಡಬ್ಬಿ ಮೊದಲು ತೆಗೆದೆ. ಒಂದು ಗಾಜಿನಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದೆ ಹೋಗಬಹುದು, ಹಾಗಾಗುವುದುಂಟು. ಮೊದಲ ಗಾಜು ತುಂಬಾ ದಪ್ಪವಾಯಿತು, ಏನೂ ಕಾಣಲಿಲ್ಲ. ಸೊಸೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಗೋಡೆಗೆ ಒರಗಿದ್ದಳು. ಇನ್ನೊಂದು ಮಾಡಿದೆ. ಅರ್ಧ ಗಾಜು ಸರಿಸುವಷ್ಟರಲ್ಲಿ ಕಂಡವು. ಎದ್ದು ನನ್ನ ಸ್ಟೂಲಿನ ಮೇಲೆ ಅತ್ತೆಯನ್ನು ಕೂರಿಸಿದೆ.

ಅವಳು ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿದಳು. ಹುಳ ಎಲ್ಲಿ ಎಂದಳು. ಹುಳ ಒಳಗೇ ಇರುತ್ತದೆ, ಇದು ಅದು ಇಡುವ ಮೊಟ್ಟೆ ಎಂದೆ.

“ಮೊಟ್ಟೆ ನನ್ಗೆ ಹೇಳ್ಕೊಡ್ಬೇಡ” ಎಂದಳು, ಕಣ್ಣು ತೆಗೆಯದೆ. “ಒಳ್ಗೆ ಜೀವ ಕಟ್ತಾ ಐತೆ.”

ಅವಳದನ್ನೂ ನೋಡಿದೆ. ಅದರಲ್ಲಿ ಸೊಸೆಯದಕ್ಕಿಂತ ಜಾಸ್ತಿ ಇದ್ದವು. ಬೆರಳು ಚುಚ್ಚಿ ರಕ್ತ ನೋಡಿದೆ, ಏಳರ ಹತ್ತಿರ. ಇಷ್ಟರಲ್ಲಿ ಇವಳು ಹೇಗೆ ಹೊರೆ ಹೊರುತ್ತಾಳೆ ಎಂದು ನನಗೆ ಅರ್ಥವಾಗಲಿಲ್ಲ. ಹೇಳಿದೆ. ಅವಳು ಚುಚ್ಚಿದ ಬೆರಳನ್ನು ಸೆರಗಿಗೆ ಒತ್ತಿಕೊಂಡಳು.

“ನಮ್ಮನೆಯೋರು ಇದ್ದಾಗ ಬಾರುಕೋಲಲ್ಲಿ ಬಡಿಯೋರು” ಎಂದಳು. “ಸೊಪ್ಪಿನ್ ಹೊರೆ ಇಳ್ಸಿ ಬದಿನ್ ಮೇಲೆ ಕೂತ್ಕೊಂಡ್ಬಿಟ್ಟೆ ಅಂತ. ಎದ್ಯಾಗ್ ಉಸ್ರಿಲ್ಲ ಅಂದ್ರೆ ನಂಬ್ತಿರ್ಲಿಲ್ಲ. ಆಮೇಲೆ ನಾನೇ, ನಾನು ಮೈಗಳ್ಳಿ ಅಂದ್ಕೊಂಡ್ಬಿಟ್ಟೆ.”

ಸೊಸೆ ಗೋಡೆ ಬಿಟ್ಟು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಬ್ಬರೂ ಮೂರು ದಿನ ಮಾತ್ರೆ ನುಂಗಿದರು, ಮಗನೂ ನುಂಗಿದ, ಮಗುವಿಗೂ ಅದರ ವಯಸ್ಸಿನ ಲೆಕ್ಕದಲ್ಲಿ ಡಾಕ್ಟರು ಕೊಟ್ಟರು. ಸೊಸೆಗೆ ಹೊಸಕೋಟೆಯಲ್ಲಿ ಮತ್ತೆ ರಕ್ತ ಹಾಕಿದರು, ಈ ಸಲ ಅದು ಇಳಿಯದೆ ನಿಂತಿತು. ಕಕ್ಕಸಿನ ಬೀಗ ತೆಗೆಯಲಿಲ್ಲ, ಒಡೆದರು, ಕೀಲಿ ಎಲ್ಲಿದೆ ಎಂದೇ ಯಾರಿಗೂ ನೆನಪಿರಲಿಲ್ಲ. ಆಸಿಡ್ಡು ಬೇಡ, ಬಿಸಿನೀರು ಪೊರಕೆ ಸಾಕು ಎಂದು ಅತ್ತೆಯೇ ಕಟ್ಟಳೆ ಮಾಡಿದಳು. ತೋಟಕ್ಕೆಂದೇ ಬೇರೆ ಚಪ್ಪಲಿ ಬಂತು, ಹುಳದ ಮನೆಗೆ ಕಾಲು ಅದ್ದುವ ಅದೇ ನೀರಿನಲ್ಲಿ ಅದ್ದಿ ಬದುವಿನ ಮೇಲೆ ಇಡುತ್ತಾರೆ. ಬೆಳೆ ಕೆಡಲಿಲ್ಲ. ನಾನು ಈಗ ಕಾರ್ಡಿನಲ್ಲಿ ‘ಡಬ್ಬಿ ತಂದಿಲ್ಲ’ ಎಂದು ಬರೆಯುತ್ತೇನೆ, ಪರದೆ ಮಿನುಗಿದರೆ ಮಿನುಗಲಿ ಎಂದು ಬಿಡುತ್ತೇನೆ, ಫೋನು ಬಂದರೆ ಜಗಳವಾಡುತ್ತೇನೆ. ಆ ಊರಿನಿಂದ ಈಚೆಗೆ ಹೆಂಗಸರು ಡಬ್ಬಿ ತರುತ್ತಾರೆ. ತಂದವರು ಕೊಟ್ಟು ಹೋಗುವುದಿಲ್ಲ. ಬೆಂಚು ಎಳೆದುಕೊಂಡು ನನ್ನ ಎದುರಿಗೇ ಕೂರುತ್ತಾರೆ, ನಾನು ಕಣ್ಣಿಡುವವರೆಗೂ ಏಳುವುದಿಲ್ಲ. ಯಾರು ಹೇಳಿಕೊಟ್ಟರು ಎಂದು ಕೇಳಬೇಕಾಗಿಲ್ಲ. ನನಗೆ ಸಿಟ್ಟು ಬರುತ್ತದೆ, ಆದರೆ ಈ ಸಿಟ್ಟಿಗೆ ನನಗೆ ಹಕ್ಕಿಲ್ಲ.

ಅವತ್ತು ಬೆಳಿಗ್ಗೆ ಅತ್ತೆ ಸೊಂಟದಿಂದ ಹಳದಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಕುಂಕುಮದ ಕಲೆ ಹಾಗೇ ಇತ್ತು.

“ಬರಿ” ಎಂದಳು.

ಹಳೆಯ ‘ಇಲ್ಲ’ದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ, ಕೊಕ್ಕೆಹುಳದ ಮೊಟ್ಟೆ ಇದೆ, ನಾನೇ ನೋಡಿದ್ದೇನೆ ಎಂದು ಬರೆದು ಸಹಿ ಹಾಕಿದೆ.

“ಓದು.”

ಓದಿದೆ. ಅವಳು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ಸೊಸೆಯ ಕೈಗೆ ಕೊಟ್ಟಳು.

“ಈಗ ನೀನ್ ಓದು” ಎಂದಳು.

ಸೊಸೆ ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ನಾನು ಓದಿದ್ದೂ ಅವಳು ಓದಿದ್ದೂ ಒಂದೇ ಎಂದು ಖಾತ್ರಿಯಾದ ಮೇಲೆಯೇ ಅತ್ತೆ ಬೆಂಚಿನಿಂದ ಎದ್ದು, ಬೈಕಿಗೆ ಕಟ್ಟಿದ್ದ ಬ್ಯಾಗು ಬಿಚ್ಚಲು ಮಗನಿಗೆ ಹೇಳಿದಳು.